ಬಡತನವು ಹಣೆಬರಹವಲ್ಲ, ವ್ಯವಸ್ಥೆಯ ಬರಹ

ಬಡ ರಾಷ್ಟ್ರಗಳ ಮಾತು ಬಂದಾಗಲೆಲ್ಲ ಮೂರು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಅಲ್ಲಿನ ಜನರು ಸೋಮಾರಿಗಳು ಎಂಬುದು ಮೊದಲನೆಯದು. ಅಲ್ಲಿ ಜನಸಂಖ್ಯೆ ಮಿತಿಮೀರಿದೆ ಎಂಬುದು ಎರಡನೆಯದು. ಅವರ ಧರ್ಮ ಮತ್ತು ಸಂಸ್ಕೃತಿಗಳೇ ಮುನ್ನಡೆಗೆ ಅಡ್ಡಿಯಾಗಿವೆ ಎಂಬುದು ಮೂರನೆಯದು. ಈ ಮೂರು ಹೊರಗಿನವರ ಉತ್ತರಗಳಾದರೆ ನಾಲ್ಕನೆಯದೊಂದು ನಮ್ಮವರ ಬಾಯಲ್ಲೇ ಕೇಳಿಸುತ್ತದೆ: ಎಲ್ಲವೂ ತಕ್ದೀರ್, ಅಲ್ಲಾಹನು ಬರೆದಿಟ್ಟದ್ದು, ನಾವೇನು ಮಾಡಲು ಸಾಧ್ಯ? ಮೇಲ್ನೋಟಕ್ಕೆ ಈ ನಾಲ್ಕೂ ಬೇರೆ ಬೇರೆ. ಆದರೆ ಪರಿಣಾಮದಲ್ಲಿ ಒಂದೇ. ಯಾರನ್ನೂ ಪ್ರಶ್ನಿಸಬೇಕಾಗಿಲ್ಲ ಎಂಬ ನಿರ್ಣಯಕ್ಕೆ ಈ ನಾಲ್ಕೂ ನಮ್ಮನ್ನು ಕೊಂಡೊಯ್ಯುತ್ತವೆ. ಉಳ್ಳವನಿಗೆ ಅದರಿಂದ ನೆಮ್ಮದಿ ಸಿಗುತ್ತದೆ, ಇಲ್ಲದವನಿಗೆ ಮೌನ ಕಲಿಸಿದಂತಾಗುತ್ತದೆ.

ಈ ಉತ್ತರಗಳು ಸುಳ್ಳೆಂದು ತಿಳಿಯಲು ನಾವು ಆಫ್ರಿಕಾ ಖಂಡಕ್ಕೆ ಹೋಗಬೇಕಾಗಿಲ್ಲ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಬೆಂಗಳೂರಿನಿಂದ ಕುಣಿಗಲ್‌ಗೆ ಸುಮಾರು 70 ಕಿಲೋಮೀಟರ್. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿಯು 2002ರ ಜೂನ್‌ನಲ್ಲಿ ಸರಕಾರಕ್ಕೆ ವರದಿ ಸಲ್ಲಿಸಿತು. 35 ಸೂಚ್ಯಂಕಗಳನ್ನು ಮುಂದಿಟ್ಟುಕೊಂಡು ಅದು ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಹೇಳಿತು. ಅವುಗಳಲ್ಲಿ 39 'ಅತ್ಯಂತ ಹಿಂದುಳಿದ' ತಾಲ್ಲೂಕುಗಳು. ಆ 39ರ ಪಟ್ಟಿಯಲ್ಲಿ ಗುಬ್ಬಿಯೂ ಇದೆ, ಕುಣಿಗಲ್ಲೂ ಇದೆ. ಬೆಂಗಳೂರು ವಿಭಾಗದಿಂದ ಆ ಪಟ್ಟಿಗೆ ಸೇರಿದ 11 ತಾಲ್ಲೂಕುಗಳಲ್ಲಿ 5 ತುಮಕೂರು ಜಿಲ್ಲೆಯವೇ: ಗುಬ್ಬಿ, ಕುಣಿಗಲ್, ಮಧುಗಿರಿ, ಶಿರಾ ಮತ್ತು ಪಾವಗಡ. ಜಗತ್ತಿನ ಮಾಹಿತಿ ತಂತ್ರಜ್ಞಾನದ ಒಂದು ರಾಜಧಾನಿಯಿಂದ ಬಸ್ಸಿನಲ್ಲಿ ಎರಡು ಗಂಟೆಯ ಹಾದಿಯೊಳಗೆ 'ಅತ್ಯಂತ ಹಿಂದುಳಿದ' ಎಂಬ ಮುದ್ರೆ ಹೊತ್ತ ಊರುಗಳಿವೆ ಎಂದಾದರೆ, ಹಿಂದುಳಿಯುವಿಕೆಯ ಕಾರಣವನ್ನು ದೂರದಲ್ಲಿಯೂ ಮಣ್ಣಿನಲ್ಲಿಯೂ ಹುಡುಕಿ ಪ್ರಯೋಜನವೇನು?

ಮಣ್ಣಿನ ವಿಚಾರವನ್ನೇ ನೋಡೋಣ. ಗುಬ್ಬಿ ಸೀಮೆ ತೆಂಗು, ಅಡಿಕೆ, ರಾಗಿಗಳ ನಾಡು. ಅಡಿಕೆ ಮತ್ತು ಬಟ್ಟೆಯ ವ್ಯಾಪಾರಕ್ಕೆ ಗುಬ್ಬಿಯ ಸಂತೆಗೆ ಒಂದು ಕಾಲದಲ್ಲಿ ದೂರದ ಊರುಗಳಿಂದ ವರ್ತಕರು ಬರುತ್ತಿದ್ದರು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯು ಈ ಊರಿನ ಹೆಸರನ್ನು ನಾಡಿನಾಚೆಗೂ ಒಯ್ದಿತು. ಕುಣಿಗಲ್‌ನ ದೊಡ್ಡಕೆರೆಯ ಹೆಸರು ಕೇಳದ ಕನ್ನಡಿಗನಿಲ್ಲ. ಜನಪದರು ಅದನ್ನು ಹಾಡಾಗಿ ಹಾಡಿದ್ದಾರೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಅಶ್ವದಳದೊಂದಿಗೆ ನಂಟಿರುವ ಕುದುರೆ ಫಾರ್ಮ್ ಇರುವುದೂ ಅಲ್ಲಿಯೇ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಮಣ್ಣು, ಮಾರುಕಟ್ಟೆ, ಕೆರೆ, ರೈಲು ಮತ್ತು ದುಡಿಯುವ ಕೈಗಳೆಲ್ಲ ಇದ್ದ ಸೀಮೆ ಹೇಗೆ ಹಿಂದುಳಿಯಿತು? ಸೋಮಾರಿತನದಿಂದಲೇ? ಬೆಳಗಿನ ಜಾವ ತುಮಕೂರು ನಿಲ್ದಾಣದಲ್ಲಿ ಬೆಂಗಳೂರಿನ ರೈಲಿಗಾಗಿ ಕಾಯುವ ಜನಜಂಗುಳಿಯನ್ನು ಒಮ್ಮೆ ಕಂಡವರು ಆ ಮಾತನ್ನು ಮತ್ತೆ ಆಡಲಾರರು.

ಉತ್ತರಕ್ಕಾಗಿ ಇತಿಹಾಸದ ಪುಟಗಳನ್ನು ತಿರುವಬೇಕಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಈಸ್ಟ್ ಇಂಡಿಯಾ ಕಂಪನಿಯು ಮೈಸೂರು ರಾಜ್ಯದ ಮೇಲೆ ವರ್ಷಕ್ಕೆ 7 ಲಕ್ಷ ವರಹಗಳ ಕಪ್ಪವನ್ನು ಹೇರಿತು. ರೂಪಾಯಿಯ ಲೆಕ್ಕದಲ್ಲಿ ಸುಮಾರು 24.5 ಲಕ್ಷ. ಮಳೆ ಬರಲಿ ಬಾರದಿರಲಿ, ಬೆಳೆ ನಿಲ್ಲಲಿ ಒಣಗಲಿ, ಆ ಹಣ ನಾಡಿನಿಂದ ಹೊರಗೆ ಹರಿಯಲೇಬೇಕಿತ್ತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ಇಲ್ಲಿ ನೇರವಾಗಿ ಆಳಿದರು. ಅವರ ಆಡಳಿತದ ಕೊನೆಯ ವರ್ಷಗಳಲ್ಲಿ, 1876ರಿಂದ 1878ರವರೆಗೆ, ಮಹಾಕ್ಷಾಮ ಬಂತು. 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ತುಮಕೂರಿನಂತಹ ಬಯಲುಸೀಮೆಯ ಜಿಲ್ಲೆಗಳೇ ಅದರ ಬೇಗೆಯನ್ನು ಹೆಚ್ಚಾಗಿ ಉಂಡವು. ದಕ್ಷಿಣ ಭಾರತ ಹೀಗೆ ಸಾಯುತ್ತಿದ್ದಾಗಲೇ, 1877ರ ಜನವರಿ 1ರಂದು, ವೈಸ್‌ರಾಯ್ ಲಿಟ್ಟನ್ ದೆಹಲಿಯಲ್ಲಿ ರಾಣಿ ವಿಕ್ಟೋರಿಯಾಳ ಸಾಮ್ರಾಜ್ಞಿ ಪದವಿಯ ವೈಭವದ ದರ್ಬಾರ್ ನಡೆಸಿದನು.

ಇದಕ್ಕೆ ಎದುರಾಗಿ ಇನ್ನೊಂದು ಕ್ಷಾಮವನ್ನು ಇಟ್ಟು ನೋಡಬೇಕು. ಖಲೀಫಾ ಉಮರ್(ರ)ರ ಕಾಲದಲ್ಲಿ, ಹಿಜರಿ 18ರ ಸುಮಾರಿಗೆ, ಮದೀನಾ ಪ್ರದೇಶಕ್ಕೆ ಭೀಕರ ಬರಗಾಲ ಬಂತು. ಜನರ ಹೊಟ್ಟೆ ತುಂಬುವವರೆಗೆ ತುಪ್ಪ ಮತ್ತು ಮಾಂಸವನ್ನು ಮುಟ್ಟಲಾರೆನೆಂದು ಅವರು ನಿರ್ಧರಿಸಿದರೆಂದೂ, ದೂರದ ಪ್ರಾಂತಗಳ ಅಧಿಕಾರಿಗಳಿಗೆ ಬರೆದು ಧಾನ್ಯ ತರಿಸಿದರೆಂದೂ, ಹಸಿದು ಕದ್ದವನಿಗೆ ಕಳ್ಳತನದ ಶಿಕ್ಷೆ ಕೊಡುವುದನ್ನು ತಡೆದರೆಂದೂ ಇತಿಹಾಸಕಾರರು ದಾಖಲಿಸಿದ್ದಾರೆ. ಆಕಾಶದಿಂದ ಮಳೆ ಬಾರದಿದ್ದದ್ದು ಎರಡೂ ಕಡೆ ಸಮಾನ. ಆದರೆ ಒಂದು ಕಡೆ ಆಳುವವನು ಹಸಿವನ್ನು ತನ್ನ ಹೊಣೆಯೆಂದು ತಿಳಿದನು, ಇನ್ನೊಂದು ಕಡೆ ಅದು ಲೆಕ್ಕಪತ್ರದ ಒಂದು ಸಾಲಾಯಿತು. ಬರವು ಪ್ರಕೃತಿಯದ್ದಾಗಿರಬಹುದು, ಆದರೆ ಕ್ಷಾಮವು ಆಡಳಿತದ್ದು. ತಕ್ದೀರಿನ ಹೆಸರಿನಲ್ಲಿ ಕೈಕಟ್ಟಿ ಕೂರುವವರು ಉಮರ್(ರ)ರಿಗಿಂತ ದೊಡ್ಡ ವಿಶ್ವಾಸಿಗಳೇ? ಒಂಟೆಯನ್ನು ಮೊದಲು ಕಟ್ಟಿಹಾಕಿ ಅನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದ ಸಮುದಾಯ ನಮ್ಮದು.

ಮೈಸೂರಿನ ಕಪ್ಪದ ಕಥೆ ಒಂಟಿ ಕಥೆಯಲ್ಲ. ದಾದಾಭಾಯಿ ನವರೋಜಿಯವರು 1901ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಭಾರತದ ಸಂಪತ್ತು ವರ್ಷದಿಂದ ವರ್ಷಕ್ಕೆ ಹೇಗೆ ಹೊರಗೆ ಸೋರಿಹೋಗುತ್ತಿದೆಯೆಂಬುದನ್ನು ಲೆಕ್ಕಹಾಕಿ ತೋರಿಸಿದರು. ಹೈಟಿ ದೇಶದ ಗುಲಾಮರು 1804ರಲ್ಲಿ ತಮ್ಮ ಸಂಕೋಲೆಯನ್ನು ತಾವೇ ಮುರಿದು ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ತನ್ನ ಮಾಲೀಕರು ಕಳೆದುಕೊಂಡ 'ಆಸ್ತಿ'ಗೆ 15 ಕೋಟಿ ಫ್ರಾಂಕ್ ಪರಿಹಾರ ಬೇಕೆಂದಿತು. ಆ 'ಆಸ್ತಿ'ಯಲ್ಲಿ ಸ್ವತಃ ಆ ಮನುಷ್ಯರೂ ಸೇರಿದ್ದರು! ಮೊತ್ತವು ಮುಂದೆ 9 ಕೋಟಿಗೆ ಇಳಿದರೂ, ಅದಕ್ಕಾಗಿ ಮಾಡಿದ ಸಾಲ ಮತ್ತು ಬಡ್ಡಿ ತೀರುವಾಗ 1947 ಬಂದಿತ್ತು. ನಾವು ಸ್ವತಂತ್ರರಾದ ವರ್ಷದಲ್ಲಿ ಹೈಟಿಯ ಜನರು ತಮ್ಮ ಮುತ್ತಜ್ಜಂದಿರ ಸ್ವಾತಂತ್ರ್ಯದ ಬೆಲೆಯ ಕೊನೆಯ ಕಂತನ್ನು ಕಟ್ಟಿದರು. ಹೈಟಿ ಏಕೆ ಬಡವಾಗಿದೆಯೆಂದು ಇಂದು ಕೇಳುವವರು ಈ ರಶೀದಿಯನ್ನು ಮೊದಲು ಓದಲಿ.

ಸಾಮ್ರಾಜ್ಯಗಳು ಹೋದವು, ಆದರೆ ಸೋರಿಕೆ ನಿಂತಿತೇ? ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾದಲ್ಲಿ ಬೆಳೆಯುತ್ತದೆ. ಚಾಕೊಲೇಟಿನ ಲಾಭವೋ ಯುರೋಪು ಮತ್ತು ಅಮೆರಿಕದ ಕಂಪನಿಗಳದ್ದು. ನಮ್ಮ ಜಿಲ್ಲೆಯ ತೆಂಗು ಮತ್ತು ಅಡಿಕೆಯ ಕಥೆಯೂ ಇದೇ ಜಾತಿಯದ್ದು. ಕಾಯಿ ಇಲ್ಲಿಯದು, ಸುಲಿಯುವ ಕೈ ಇಲ್ಲಿಯದು, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹೆಸರು ದೇಶಕ್ಕೇ ಗೊತ್ತು. ಆದರೆ ಬೆಲೆ ನಿರ್ಧಾರವಾಗುವುದು ಬೇರೆಡೆ. ಕೊಬ್ಬರಿಯ ಬೆಲೆ ಕುಸಿದಾಗಲೆಲ್ಲ ಬೆಂಬಲ ಬೆಲೆಗಾಗಿ ರೈತನು ರಸ್ತೆಯಲ್ಲಿ ಕೂರಬೇಕು. ಕಚ್ಚಾ ಮಾಲನ್ನು ಮಾತ್ರ ಮಾರುವ ದೇಶವೂ ತಾಲ್ಲೂಕೂ ಬೇರೆಯವರ ಬೆಲೆಗೆ ತಲೆಬಾಗಲೇಬೇಕಾಗುತ್ತದೆ.

ಇನ್ನು ನೀರಿನ ವಿಚಾರ. ಗೊರೂರಿನ ಹೇಮಾವತಿ ಜಲಾಶಯದ ನೀರಿಗಾಗಿ ಈ ಜಿಲ್ಲೆ ದಶಕಗಳಿಂದ ಕಾದಿದೆ. ಕುಣಿಗಲ್ ಮತ್ತು ಮಾಗಡಿಯ ಕಡೆಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದರು. ತಮ್ಮ ಪಾಲಿನ ನೀರು ಕೈತಪ್ಪುವುದೆಂಬುದು ಅವರ ಭಯ. ಕಾಲುವೆಯ ಬಾಲದಲ್ಲಿರುವ ತಮಗೆ ನಿಗದಿಯಾದ ಪಾಲು ಎಂದೂ ತಲುಪಲಿಲ್ಲವೆಂಬುದು ಕುಣಿಗಲ್‌ನವರ ಅಳಲು. ಎರಡೂ ಕಡೆಯ ಬಾಯಾರಿಕೆ ನಿಜ. ಆದರೆ ಗಮನಿಸಿ, ನಂಜುಂಡಪ್ಪ ವರದಿಯು ಒಂದೇ ಪಟ್ಟಿಯಲ್ಲಿ, ಒಂದೇ ದರ್ಜೆಯಲ್ಲಿ ಹೆಸರಿಸಿದ ಎರಡು ತಾಲ್ಲೂಕುಗಳ ರೈತರು ಪರಸ್ಪರ ಎದುರಾಳಿಗಳಾಗಿ ನಿಂತಿದ್ದಾರೆ. ನೈಲ್ ನದಿಯ ನೀರಿಗಾಗಿ ಇಥಿಯೋಪಿಯಾ ಮತ್ತು ಈಜಿಪ್ಟ್ ಹೀಗೆಯೇ ಎದುರುಬದುರಾಗಿವೆ. ಬಡವನ ಪಾಲು ಕಡಿಮೆಯಾದಾಗ ಅವನು ತನ್ನ ಪಕ್ಕದ ಬಡವನ ತಟ್ಟೆಯನ್ನು ನೋಡುತ್ತಾನೆ. ಬಡಿಸುವವನ ಕೈಯನ್ನು ನೋಡುವುದಿಲ್ಲ. ತುಂಬಿದ ಕೆರೆಗಳ ಹೂಳನ್ನು ಯಾರು ತೆಗೆಸಲಿಲ್ಲ, ರಾಜಕಾಲುವೆಗಳು ಯಾರ ನಿವೇಶನಗಳಾದವು, ಕಾಲುವೆಯ ತಲೆಯಿಂದ ಬಾಲದವರೆಗೆ ನೀರಿನ ಲೆಕ್ಕವನ್ನು ಏಕೆ ಬಹಿರಂಗವಾಗಿ ಇಡುವುದಿಲ್ಲ ಎಂಬ ಪ್ರಶ್ನೆಗಳನ್ನು ಗುಬ್ಬಿ ಮತ್ತು ಕುಣಿಗಲ್‌ಗಳು ಒಟ್ಟಾಗಿ ಕೇಳಿದ ದಿನ ಉತ್ತರಿಸಬೇಕಾದವರು ಬೆವರುವರು.

ಕೈಗಾರಿಕೆ ಬಂದರೆ ಎಲ್ಲ ಸರಿಹೋಗುವುದೆಂಬ ಭರವಸೆಯನ್ನೂ ಪರೀಕ್ಷಿಸೋಣ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ತುಮಕೂರು ನಗರ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಅದೇ 2016ರಲ್ಲಿಯೇ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವಾಗಿ, ತುಮಕೂರಿನ ಕುಟುಂಬಗಳಿಗೆ ಅನ್ನ ಕೊಟ್ಟಿದ್ದ ಗಡಿಯಾರ ಕಾರ್ಖಾನೆಯ ಕಾಲ ಮುಗಿಯಿತು. ನಾವು ಕಾರ್ಖಾನೆಗಳ ವಿರೋಧಿಗಳಲ್ಲ. ನಮ್ಮ ಪ್ರಶ್ನೆ ಇಷ್ಟೇ: ಹೆಲಿಕಾಪ್ಟರ್ ಹಾರುವ ಬಯಲಿನ ಸುತ್ತಲ ಹಳ್ಳಿಗಳ ಮಕ್ಕಳು ಆ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರರಾಗಿ ನಿಲ್ಲುವರೋ, ಒಳಗೆ ಎಂಜಿನಿಯರರಾಗಿ ಕೂರುವರೋ? ಇದು ಕಾರ್ಖಾನೆಯಲ್ಲಿ ತೀರ್ಮಾನವಾಗುವ ವಿಷಯವಲ್ಲ. ಹತ್ತು ವರ್ಷ ಮೊದಲು ಹಳ್ಳಿಯ ಸರಕಾರಿ ಶಾಲೆಯಲ್ಲಿ ಗಣಿತದ ಶಿಕ್ಷಕರು ಇದ್ದರೋ ಇಲ್ಲವೋ ಎಂಬುದರಲ್ಲಿ ತೀರ್ಮಾನವಾಗಿರುತ್ತದೆ.

ಜನಸಂಖ್ಯೆಯ ವಾದಕ್ಕೆ ಉತ್ತರ ಸುಲಭ. ನೆದರ್‌ಲ್ಯಾಂಡ್ಸ್‌ನಲ್ಲಿ ಚದರ ಕಿಲೋಮೀಟರಿಗೆ 400ಕ್ಕೂ ಹೆಚ್ಚು ಜನರಿದ್ದಾರೆ. ತುಮಕೂರು ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 253. ಖನಿಜಗಳಿಂದ ತುಂಬಿದ ಕಾಂಗೋದಲ್ಲಿ ಇದಕ್ಕಿಂತಲೂ ಬಹಳ ಕಡಿಮೆ. ಶ್ರೀಮಂತ ದೇಶ ಯಾವುದು, ಬಡ ದೇಶ ಯಾವುದು? ಭಾರತದ ಮುಸ್ಲಿಮರ ಫಲವಂತಿಕೆ ದರವು 1992-93ರಲ್ಲಿ 4.4 ಇದ್ದದ್ದು 2019-21ರಲ್ಲಿ ಸುಮಾರು 2.4ಕ್ಕೆ ಇಳಿಯಿತೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ಹೇಳುತ್ತವೆ. ಕರ್ನಾಟಕದ ಒಟ್ಟು ದರ 2019-21ರಲ್ಲಿ 1.7 ಆಗಿತ್ತು. ಮಕ್ಕಳು ಕಡಿಮೆಯಾದರು, ಬಡತನ ಅದೇ ಪ್ರಮಾಣದಲ್ಲಿ ಕಡಿಮೆಯಾಯಿತೇ? ಧರ್ಮದ ವಾದವೂ ಹೀಗೆಯೇ ಉರುಳುತ್ತದೆ. ಒಂದು ಕಾಲದಲ್ಲಿ ಕಡುಬಡತನದಲ್ಲಿದ್ದ ಮಲಬಾರಿನ ಮುಸ್ಲಿಮರು ಭೂಸುಧಾರಣೆ, ಶಾಲೆಗಳು ಮತ್ತು ಗಲ್ಫ್ ದುಡಿಮೆಯ ಬಲದಿಂದ ಎರಡು ತಲೆಮಾರುಗಳಲ್ಲಿ ಎದ್ದು ನಿಂತರು. ಅವರ ಕುರ್‌ಆನ್ ನಮ್ಮ ಕುರ್‌ಆನೇ. ಬದಲಾದದ್ದು ಧರ್ಮವಲ್ಲ, ಅವಕಾಶ.

ಈಗ ಮನೆಯೊಳಗಿನ ಮಾತಿಗೆ ಬರೋಣ. ಜಗತ್ತಿನ ಬಡ ದೇಶಗಳ ಕೊರಳಿಗೆ ಬಿದ್ದಿರುವ ಹಗ್ಗದ ಹೆಸರು ಬಡ್ಡಿ. ಜಾಂಬಿಯಾ 2020ರಲ್ಲಿ, ಶ್ರೀಲಂಕಾ 2022ರಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿದವು. ಅದೇ ಹಗ್ಗದ ಸಣ್ಣ ಎಳೆ ನಮ್ಮ ಬೀದಿಗಳಲ್ಲಿದೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದಿಂದ ಕುಟುಂಬಗಳು ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ರಾಜ್ಯದಾದ್ಯಂತ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸರಕಾರವು ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಿತು. ಇದು ಸ್ವಾಗತಾರ್ಹ. ಆದರೆ ವಾರದ ಕಂತಿನ ಸಾಲಕ್ಕೆ ಒಬ್ಬ ತಾಯಿ ಹೆಬ್ಬೆಟ್ಟು ಒತ್ತುವುದೇಕೆ? ಆಸ್ಪತ್ರೆಯ ಬಿಲ್ಲಿಗಾಗಿ, ಮಗನ ಶುಲ್ಕಕ್ಕಾಗಿ, ಮಗಳ ಮದುವೆಗಾಗಿ. ಸರಕಾರಿ ಆಸ್ಪತ್ರೆ ಮತ್ತು ಸರಕಾರಿ ಶಾಲೆ ದುರ್ಬಲವಾದಷ್ಟೂ ಸಾಲಗಾರನ ಬಾಗಿಲು ತೆರೆದುಕೊಳ್ಳುತ್ತದೆ. ಕಾನೂನು ವಸೂಲಿಗಾರನನ್ನು ತಡೆಯಬಹುದು, ಅಗತ್ಯವನ್ನು ತಡೆಯಲಾರದು.

ಪವಿತ್ರ ಕುರ್‌ಆನ್ ಬಡ್ಡಿಯನ್ನು ನಿಷೇಧಿಸಿದ್ದಷ್ಟೇ ಅಲ್ಲ, ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಲು, ಸಾಧ್ಯವಾದರೆ ಬಿಟ್ಟುಬಿಡಲು ಬೋಧಿಸಿತು. ಸಂಪತ್ತು ಧನಿಕರ ನಡುವೆ ಮಾತ್ರ ಸುತ್ತಬಾರದೆಂದು ಕಾರಣ ಸಮೇತ ಹೇಳಿತು. ಬಡ್ಡಿ ಹರಾಮ್ ಎಂದು ಜುಮಾ ಖುತ್ಬಾದಲ್ಲಿ ಕೇಳಿದ ಸಹೋದರಿಗೆ ಸೋಮವಾರದ ಕಂತಿಗೆ ಬೇರೆ ದಾರಿ ತೋರಿಸದಿದ್ದರೆ ಆ ಉಪದೇಶ ಅರ್ಧಕ್ಕೆ ನಿಂತಂತೆ. ರಮಝಾನಿನಲ್ಲಿ ಐವತ್ತು, ನೂರು ರೂಪಾಯಿಗಳ ಚಿಲ್ಲರೆಯಾಗಿ ಚದುರಿಹೋಗುವ ಝಕಾತ್, ಮೊಹಲ್ಲಾ ಮಟ್ಟದಲ್ಲಿ ಒಗ್ಗೂಡಿದರೆ ವರ್ಷಕ್ಕೆ ಕೆಲವು ಕುಟುಂಬಗಳನ್ನಾದರೂ ಸಾಲದಿಂದ ಬಿಡಿಸಬಲ್ಲದು. ಸಾಲದಲ್ಲಿ ಸಿಲುಕಿದವರು ಝಕಾತಿನ ಹಕ್ಕುದಾರರಲ್ಲಿ ಸೇರಿದ್ದಾರೆಂಬುದನ್ನು ನೆನಪಿಸಬೇಕೇ? ಪಾರದರ್ಶಕವಾದ ಬಡ್ಡಿರಹಿತ ಸಾಲದ ಸಂಘವೊಂದು ಪ್ರತಿ ಮಸೀದಿಯ ನೆರಳಿನಲ್ಲಿ ಇರಬೇಕು. ಅದರ ಲೆಕ್ಕವು ಮಸೀದಿಯ ಫಲಕದ ಮೇಲೆ ಎಲ್ಲರಿಗೂ ಕಾಣಬೇಕು.

ಎರಡನೆಯ ಮಾತು ಹೆಣ್ಣುಮಕ್ಕಳದ್ದು. 2006ರ ಸಾಚಾರ್ ಸಮಿತಿ ವರದಿಯು, ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಬಹುಪಾಲು ಮಂದಿ ಮನೆಯೊಳಗಿನ ತುಣುಕು ಕೆಲಸದಲ್ಲಿ ಸಿಲುಕಿರುವರೆಂದು ಹೇಳಿತ್ತು. ತುಮಕೂರಿನ ಮೊಹಲ್ಲಾಗಳಲ್ಲಿ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಕೈಗಳನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಸಾವಿರದ ಲೆಕ್ಕದಲ್ಲಿ ಕೂಲಿ, ಕೆಟ್ಟ ಎಲೆಯ ನಷ್ಟವೂ ಅವಳದೇ, ಕೆಮ್ಮೂ ಅವಳದೇ. ತಾಯಿಯ ಪಕ್ಕದಲ್ಲಿ ಕೂತು ಕೈಜೋಡಿಸುವ ಹುಡುಗಿಗೆ ಎಸ್ಸೆಸ್ಸೆಲ್ಸಿ ದಾಟುವ ಮೊದಲೇ ಮದುವೆಯ ಮಾತು ಬರುತ್ತದೆ. ಒಂದು ದಿನದ ಊಟಕ್ಕೂ ಮಂಟಪಕ್ಕೂ ಸುರಿಯುವ ಹಣ ಅವಳ ಇಡೀ ಪದವಿ ಶಿಕ್ಷಣದ ವೆಚ್ಚವನ್ನು ಮೀರುತ್ತದೆ. ಆ ಹಣವೂ ಸಾಲದ್ದೇ. ಇದನ್ನು ಬ್ರಿಟಿಷರು ಮಾಡಿಲ್ಲ, ಸರಕಾರವೂ ಮಾಡಿಲ್ಲ. ಹೊರಗಿನ ಅನ್ಯಾಯವನ್ನು ಖಂಡಿಸುವ ಧ್ವನಿಗೆ ಒಳಗಿನ ಅನ್ಯಾಯವನ್ನು ನಿಲ್ಲಿಸುವ ಧೈರ್ಯವೂ ಇರಬೇಕು. ವರದಕ್ಷಿಣೆ ಕೇಳುವ ಮನೆಯ ನಿಕಾಹ್‌ಗೆ ನಿಲ್ಲಲಾರೆವೆಂದು ಒಂದು ಜಮಾಅತ್ ತೀರ್ಮಾನಿಸಿದರೆ ಅದು ಹತ್ತು ಭಾಷಣಗಳಿಗೆ ಸಮ.

ನಮ್ಮ ಊರಿನಲ್ಲಿಯೇ ಕಲಿಯಲು ಮಾದರಿಯೊಂದಿದೆ. ಸಿದ್ಧಗಂಗಾ ಮಠವು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. 2019ರ ಜನವರಿ 21ರಂದು ನಿಧನರಾದ ಶಿವಕುಮಾರ ಸ್ವಾಮೀಜಿಯವರು ಇದನ್ನೇ ಜೀವನದ ಕಾಯಕವಾಗಿಸಿಕೊಂಡಿದ್ದರು. ಬಡ ಹಳ್ಳಿಯ ಮಗು ಶಾಲೆ ಬಿಡುವುದು ಬುದ್ಧಿಯಿಲ್ಲದೆ ಅಲ್ಲ, ಮಧ್ಯಾಹ್ನದ ಊಟ ಮತ್ತು ರಾತ್ರಿಯ ಹಾಸಿಗೆ ಇಲ್ಲದೆ ಎಂಬ ಸರಳ ಸತ್ಯವನ್ನು ಆ ಮಠ ಅರಿತಿತ್ತು. ನಮ್ಮ ವಕ್ಫ್ ಆಸ್ತಿಗಳ ಆದಾಯದಿಂದ ತುಮಕೂರಿನಲ್ಲಿ ಗುಬ್ಬಿ, ಕುಣಿಗಲ್, ಶಿರಾ, ಪಾವಗಡಗಳ ಹೆಣ್ಣುಮಕ್ಕಳಿಗೆ ಸುರಕ್ಷಿತವಾದ ಹಾಸ್ಟೆಲ್‌ಗಳನ್ನು ನಡೆಸುವುದು ಅಸಾಧ್ಯವೇ?

ಹಾಗೆಂದು ಸಮುದಾಯದ ದಾನದಿಂದಲೇ ಎಲ್ಲ ಸರಿಹೋಗುವುದೆಂದು ನಾವು ಹೇಳುತ್ತಿಲ್ಲ. ದಾನವು ನ್ಯಾಯದ ಬದಲಿಯಲ್ಲ. ನಂಜುಂಡಪ್ಪ ಸಮಿತಿಯು 8 ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಶಿಫಾರಸು ಮಾಡಿತ್ತು. ವರದಿ ಬಂದು ಎರಡು ದಶಕಗಳು ಕಳೆದವು, 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಅದೇ ಅಸಮತೋಲನವನ್ನು ಅಳೆಯಲು ಮತ್ತೊಂದು ಸಮಿತಿಯನ್ನು ನೇಮಿಸಬೇಕಾಯಿತು. ಹಳೆಯ ರೋಗಕ್ಕೆ ಹೊಸ ಚೀಟಿ ಬರೆಸುವ ಮೊದಲು ಹಳೆಯ ಔಷಧಿ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ಗುಬ್ಬಿಯ ರೈತನಿಗೂ, ಕುಣಿಗಲ್‌ನ ಕೂಲಿಗೂ, ತುಮಕೂರಿನ ಬೀಡಿ ಕಾರ್ಮಿಕಳಿಗೂ ಸಮಾನವಾಗಿದೆ. ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ, ಶಾಲೆಯ ಎಸ್‌ಡಿಎಂಸಿ ಕುರ್ಚಿಯಲ್ಲಿ ಆ ಪ್ರಶ್ನೆ ಕೇಳಿಬರಬೇಕು. ಕೇಳುವವರ ಹೆಸರು ಅಬ್ದುಲ್ಲನೋ ಸಿದ್ದಪ್ಪನೋ ಎಂದು ನೋಡುವ ಅಗತ್ಯವಿಲ್ಲ. ಅವರನ್ನು ಬೇರೆಬೇರೆಯಾಗಿಸಿ ಕೂರಿಸುವುದರಲ್ಲಿಯೇ ಉತ್ತರ ಕೊಡಬೇಕಾದವರ ಲಾಭವಿದೆ.

ಹಸಿವನ್ನು ಅಲ್ಲಾಹನ ಹೆಸರಿಗೆ ಬರೆದು ಕೈತೊಳೆದುಕೊಳ್ಳುವುದು ಅಲ್ಲಾಹನ ಮೇಲೆ ಹೊರಿಸುವ ಸುಳ್ಳಾರೋಪ. ಅವನು ಈ ಸೀಮೆಗೆ ತೆಂಗನ್ನು ಕೊಟ್ಟನು, ಕೆರೆಯನ್ನು ಕೊಟ್ಟನು, ದುಡಿಯುವ ಕೈಗಳನ್ನು ಕೊಟ್ಟನು. ಅವುಗಳನ್ನು ಹಂಚುವ ಕೆಲಸವನ್ನು ಮನುಷ್ಯರಿಗೆ ಒಪ್ಪಿಸಿದನು. ಹಂಚಿಕೆಯ ಲೆಕ್ಕವನ್ನು ನಾಳೆ ಅವನು ಕೇಳುವನು, ಇಂದು ನಾವು ಕೇಳಬೇಕು.